ಸೈಪ್ರಸ್ಸಿನಲ್ಲಿ ಕಾಗೆ ಇದೆಯೇ?

ಪ್ರಾಣಿಗಳ ವಿಷಯದಲ್ಲಿ ನನಗಿರುವುದು ಗೌರವ; ಪ್ರೀತಿಯಲ್ಲ. ಗೌರವವಿದ್ದ ಕಡೆ ಒಂದಿಷ್ಟು ಅಂತರವೂ ಇರಬೇಕೆಂಬುದು ನನ್ನ ಸಿದ್ಧಾಂತ. ನಾಯಿ ಎದುರಾದರೆ ಫೋನು ಬಂದವನಂತೆ ನಟಿಸುತ್ತ ರಸ್ತೆಯ ಆಚೆ ಬದಿಗೆ ಹೋಗುತ್ತೇನೆ. ಬೆಕ್ಕು ಎದುರಾದರೆ ಯಾರು ಮೊದಲು ದಾಟಬೇಕೆಂಬ ತೀರ್ಮಾನವನ್ನು ಅದಕ್ಕೇ ಬಿಡುತ್ತೇನೆ. ಹಸುವಿಗೆ ಹಿಂದಿನಿಂದ ನಮಸ್ಕಾರ ಮಾಡಬೇಕೆನ್ನುತ್ತಾರೆ. ನಾನು ಅದನ್ನೂ ಗೇಟಿನ ಹೊರಗೆ ನಿಂತೇ ಮಾಡಿದವನು. ಇಂಥವನು ತಾಯಿ, ಹೆಂಡತಿ, ಮಗಳನ್ನು ಕಟ್ಟಿಕೊಂಡು, ಕೇವಲ ಪ್ರಾಣಿಪಕ್ಷಿಗಳ ದರ್ಶನಕ್ಕಾಗಿ ಮೆಡಿಟರೇನಿಯನ್ ಸಮುದ್ರದ ನಡುವಿನ ದ್ವೀಪವೊಂದಕ್ಕೆ ಹೋದನೆಂದರೆ, ಅದಕ್ಕೆ ಕಾರಣ ನಮ್ಮ ಕಟ್ಟಡದ ಲಿಫ್ಟು.

ದುಬೈಯ ಅಲ್ ಕುಸೈಸಿನ ಲಿಫ್ಟುಗಳಲ್ಲಿ ಮಾರ್ಚ್ ತಿಂಗಳು ಬಂತೆಂದರೆ ಒಂದೇ ಪ್ರಶ್ನೆ: ರಜೆಗೆ ಎಲ್ಲಿಗೆ? ಇದಕ್ಕೆ ‘ಎಲ್ಲಿಗೂ ಇಲ್ಲ’ ಎನ್ನುವುದು ಮರ್ಯಾದಸ್ಥರ ಉತ್ತರವಲ್ಲ. ‘ಊರಿಗೆ’ ಎಂದರೆ ಜನ ಕನಿಕರದಿಂದ ತಲೆಯಾಡಿಸುತ್ತಾರೆ. ಜಾರ್ಜಿಯ, ಅಜರ್‌ಬೈಜಾನ್ ಎಂದರೆ ಪಾಸು. ಮೆಡಿಟರೇನಿಯನ್ ಎಂದುಬಿಟ್ಟರೆ ಮಾತ್ರ ಲಿಫ್ಟಿನ ಬಾಗಿಲು ತೆರೆದುಕೊಂಡರೂ ಯಾರೂ ಇಳಿಯುವುದಿಲ್ಲ. ನಮ್ಮ ಮೇಲಿನ ಮಹಡಿಯ ವಾಲ್ಟರ್ ಈ ಕೊನೆಯ ವರ್ಗಕ್ಕೆ ಸೇರಿದವರು. ಉಡುಪಿ ಕಡೆಯವರು, ಹೋಟೆಲಿನ ಕೆಲಸ, ಹಿಂದಿನ ವರ್ಷ ಸೈಪ್ರಸ್ಸಿಗೆ ಹೋಗಿ ಬಂದು ಈಗಲೂ ಅದರ ಫೋಟೋಗಳನ್ನು ಶರ್ಟಿನ ಜೇಬಿನಲ್ಲೇ ಇಟ್ಟುಕೊಂಡು ಓಡಾಡುವವರು. ಒಂದು ದಿನ ಲಿಫ್ಟು ಕೆಳಗಿಳಿಯುವಷ್ಟರಲ್ಲಿ ನನ್ನ ಮಗಳು ಧಾತ್ರಿಗೆ ಒಂದು ಕತ್ತೆ, ಎರಡು ಬೆಕ್ಕು ಮತ್ತು ಗುಲಾಬಿ ಬಣ್ಣದ ಹಕ್ಕಿಗಳ ಒಂದು ದೊಡ್ಡ ಸಂತೆಯನ್ನೇ ತೋರಿಸಿಬಿಟ್ಟರು. ‘ನೀವೊಮ್ಮೆ ಹೋಗ್ಲೇಬೇಕು ಮಾರಾಯ್ರೆ, ಅಲ್ಲಿ ಪ್ರಾಣಿಗಳೇ ಬಂದು ನಮ್ಮನ್ನು ನೋಡ್ತವೆ’ ಎಂದರು. ನನಗೆ ಭಯ ಹುಟ್ಟಿಸಲು ಅಷ್ಟು ಸಾಕಾಗಿತ್ತು. ಧಾತ್ರಿ ಹಟ ಹಿಡಿಯಲೂ ಅಷ್ಟೇ ಸಾಕಾಯಿತು.

ಯಾವ ಕೆಲಸವನ್ನೂ ಅಧ್ಯಯನವಿಲ್ಲದೆ ಮಾಡುವವನಲ್ಲ ನಾನು. ಕಚೇರಿಯಲ್ಲಿ ಬಿಡುವು ಸಿಕ್ಕಾಗಲೆಲ್ಲ ಸೈಪ್ರಸ್ಸಿನ ಪ್ರಾಣಿಸಂಪತ್ತಿನ ಬಗ್ಗೆ ಇಂಟರ್ನೆಟ್ಟಿನಲ್ಲಿ ಓದಿದೆ. ಓದಿದಷ್ಟೂ ವಿಸ್ಮಯ ಹೆಚ್ಚಾಯಿತು. ವಿಮಾನ ನಿಲ್ದಾಣದ ಪಕ್ಕದಲ್ಲೇ ಒಂದು ಉಪ್ಪಿನ ಕೆರೆ, ಅದರಲ್ಲಿ ಆ ಗುಲಾಬಿ ಹಕ್ಕಿಗಳು, ಅಂದರೆ ಫ್ಲೆಮಿಂಗೊಗಳು. ಪಶ್ಚಿಮದ ತೀರದಲ್ಲಿ ಆಮೆಗಳು ಮೊಟ್ಟೆಯಿಡುವ ಮರಳು. ಬೆಟ್ಟದ ಕಾಡಿನಲ್ಲಿ ಸುರುಳಿ ಕೊಂಬಿನ ಕಾಡುಕುರಿ. ಮುದಿ ಕತ್ತೆಗಳಿಗೆಂದೇ ಒಂದು ನಿವೃತ್ತಿಧಾಮ. ಹಿಂದೊಮ್ಮೆ ಹಾವುಗಳ ಕಾಟ ತಡೆಯಲಾರದೆ ರಾಣಿಯೊಬ್ಬಳು ಹಡಗುಗಟ್ಟಲೆ ಬೆಕ್ಕುಗಳನ್ನು ತರಿಸಿದಳಂತೆ. ಹಾವುಗಳ ಕತೆ ಏನಾಯಿತೋ, ಬೆಕ್ಕುಗಳಂತೂ ಹಿಂದಿರುಗಿ ಹೋಗಿಲ್ಲ. ಇವೆಲ್ಲದರ ಜೊತೆಗೆ, ಕಡ್ಡಾಯವಾಗಿ ನೋಡಬೇಕಾದ ಸ್ಥಳಗಳಲ್ಲಿ ಒಂದು ಒಂಟೆ ಪಾರ್ಕು. ದುಬೈಯಿಂದ ವಿಮಾನ ಹತ್ತಿ ಹೋಗಿ ಒಂಟೆಯನ್ನು ನೋಡಿ ಬರುವುದು, ಮೈಸೂರಿನಿಂದ ಲಂಡನ್ನಿಗೆ ಹೋಗಿ ಮಸಾಲೆದೋಸೆ ತಿಂದು ಬಂದಷ್ಟೇ ಘನವಾದ ಕಾರ್ಯವೆಂದು ನನಗೆ ತೋರಿತು.

ಫ್ಲೆಮಿಂಗೊಗಳ ವಿಷಯದಲ್ಲೂ ನನ್ನದೊಂದು ತಕರಾರಿತ್ತು. ನಮ್ಮ ಹಳೆಯ ಕಾರು ಎರಡು ಮೂರು ತಿಂಗಳಿಗೊಮ್ಮೆ ರಾಸ್ ಅಲ್ ಖೋರಿನ ಗ್ಯಾರೇಜುಗಳಿಗೆ ತೀರ್ಥಯಾತ್ರೆ ಹೋಗುತ್ತದೆ. ಅಲ್ಲೇ ಹತ್ತಿರದ ಜೌಗಿನಲ್ಲಿ ಚಳಿಗಾಲವಿಡೀ ಫ್ಲೆಮಿಂಗೊಗಳು ಒಂಟಿಗಾಲಲ್ಲಿ ನಿಂತಿರುತ್ತವೆ. ಮೆಕ್ಯಾನಿಕ್ಕು ‘ಇನ್ನೊಂದು ಪಾರ್ಟು ಬರಬೇಕು’ ಎಂದಾಗಲೆಲ್ಲ ನಾನು ಅವನ್ನು ಬೇಕಾದಷ್ಟು ನೋಡಿದ್ದೇನೆ. ನಾನೂ ಬಹುಪಾಲು ಅದೇ ಭಂಗಿಯಲ್ಲಿ ನಿಂತಿರುತ್ತೇನೆ. ಇದನ್ನು ಹೇಳಿದಾಗ ಹೆಂಡತಿ ಮಾಲತಿ, ‘ಅವು ಗ್ಯಾರೇಜ್ ಪಕ್ಕದ ಫ್ಲೆಮಿಂಗೊ ರೀ. ಅದನ್ನ ಯಾರಿಗೆ ಹೇಳೋಕಾಗತ್ತೆ?’ ಎಂದಳು. ಪ್ರವಾಸದ ತತ್ತ್ವವನ್ನು ಇದಕ್ಕಿಂತ ಚುಟುಕಾಗಿ ಯಾರೂ ಹೇಳಲಾರರು. ಟಿಕೆಟ್ಟು ಕೊಂಡೆ, ವೀಸಾ ಬಂತು, ಕತ್ತೆಗಳ ಧಾಮದಲ್ಲಿ ನಮ್ಮ ಭೇಟಿಯ ದಿನವನ್ನೂ ಗೊತ್ತುಮಾಡಿದೆ. ಇಂಗ್ಲಿಷ್ ಕ್ಯಾಲೆಂಡರು ನೋಡಿ, ಶಾಲೆಯ ರಜೆ ನೋಡಿ, ಕಚೇರಿಯ ರಜೆ ನೋಡಿ. ನೋಡಬೇಕಾಗಿದ್ದ ಇನ್ನೊಂದನ್ನು ನೋಡಲಿಲ್ಲ.

ಅದು ನಮ್ಮ ಅಡುಗೆಮನೆಯ ಬಾಗಿಲ ಹಿಂದೆ ನೇತಾಡುತ್ತಿತ್ತು. ಚಳಿಗಾಲ ಕಳೆಯಲೆಂದು ನಮ್ಮಲ್ಲಿಗೆ ಬಂದಿದ್ದ ಅಮ್ಮ ಮೈಸೂರಿನಿಂದಲೇ ಸುರುಳಿ ಸುತ್ತಿ ತಂದಿದ್ದ ಪಂಚಾಂಗದ ಕ್ಯಾಲೆಂಡರು ಅದು. ಒಂದು ಬೆಳಿಗ್ಗೆ ಅಮ್ಮ ಅದರ ಮುಂದೆ ಕನ್ನಡಕ ಏರಿಸಿಕೊಂಡು ನಿಂತು, ಬೆರಳು ಮಡಿಸಿ ಬಿಡಿಸಿ, ಬಹಳ ಶಾಂತವಾಗಿ ಹೇಳಿದಳು: ‘ಪುಟ್ಟ, ನೀವು ಕತ್ತೆ ನೋಡೋಕೆ ಹೋಗೋ ದಿನಾನೇ ನಿಮ್ಮಪ್ಪನ ತಿಥಿ ಬರತ್ತೆ.’

ಪ್ರತಿವರ್ಷ ರಜೆ ಶುರುವಾಗುವ ಮೊದಲೇ ಮುಗಿದುಹೋಗುತ್ತಿದ್ದ ತಿಥಿ. ನಡುವೆ ಅಧಿಕ ಮಾಸವೊಂದು ಬಂದು ಅದನ್ನು ಮುಂದಕ್ಕೆ ತಳ್ಳಿತ್ತು. ಚಂದ್ರನ ಲೆಕ್ಕಕ್ಕೂ ವಿಮಾನದವರ ಲೆಕ್ಕಕ್ಕೂ ಸಂಬಂಧವಿಲ್ಲವಾದ್ದರಿಂದ ಟಿಕೆಟ್ಟು ಬದಲಾಯಿಸುವಂತಿರಲಿಲ್ಲ. ‘ನೀವು ಹೋಗಿ ಬನ್ನಿ, ನಾನಿಲ್ಲೇ ಇದ್ದು ಒಂದಿಷ್ಟು ಅನ್ನ ಬೇಯಿಸಿ ಇಟ್ಟುಬಿಡ್ತೀನಿ’ ಎಂದಳು ಅಮ್ಮ. ಅಮ್ಮನನ್ನು ಒಂಟಿಯಾಗಿ ಬಿಟ್ಟು ಹೋಗುವ ಮಾತೇ ಇರಲಿಲ್ಲ. ಪರದೇಶಕ್ಕೆ ಬಂದಮೇಲೆ ನಾವು ತಿಥಿಯನ್ನು ಬಹಳ ಸಂಕ್ಷೇಪಗೊಳಿಸಿದ್ದೇವೆ. ಸ್ನಾನ, ಮಡಿಯಲ್ಲಿ ಅಡುಗೆ, ಅಪ್ಪನಿಗೆ ಪ್ರಿಯವಾದ ಉದ್ದಿನವಡೆ ಮತ್ತು ಪಾಯಸ, ಬಾಳೆಲೆಯ ತುಂಡಿನ ಮೇಲೆ ಕಾಗೆಗೊಂದು ಎಡೆ. ಕಾಗೆ ಮುಟ್ಟಿದ ಮೇಲೆ ನಮ್ಮೆಲ್ಲರ ಊಟ. ಇಷ್ಟನ್ನು ಎಲ್ಲಿ ಬೇಕಾದರೂ ಮಾಡಬಹುದು, ಸೈಪ್ರಸ್ಸಿನಲ್ಲೂ ಮಾಡೋಣ ಎಂದೆ ನಾನು, ದೊಡ್ಡ ಸುಧಾರಕನ ಧ್ವನಿಯಲ್ಲಿ. ಅಮ್ಮ ಒಂದು ಕ್ಷಣ ಯೋಚಿಸಿ ಕೇಳಿದಳು: ‘ಅಲ್ಲಿ ಕಾಗೆ ಇದ್ಯಾ?’

ಓದುಗರೇ, ನನ್ನ ಅಷ್ಟೂ ಪಾಂಡಿತ್ಯ ಅಲ್ಲಿಗೆ ನಿಂತಿತು. ದ್ವೀಪದ ಕತ್ತೆ, ಕುರಿ, ಆಮೆ, ಬೆಕ್ಕುಗಳ ವಂಶವೃಕ್ಷವೇ ನನಗೆ ಬಾಯಿಪಾಠವಾಗಿತ್ತು. ಕಾಗೆಯ ಬಗ್ಗೆ ಯಾವ ಪ್ರವಾಸಿ ಪುಟದಲ್ಲೂ ಒಂದು ಅಕ್ಷರವಿರಲಿಲ್ಲ. ಇದನ್ನು ದುಬೈಯಲ್ಲಿದ್ದು ಯೋಚಿಸಬೇಕಾಗಿಯೇ ಬಂದಿರಲಿಲ್ಲ. ಇಲ್ಲಿನ ಕಾಗೆಗಳು ನಮ್ಮವೇ. ಎಂದೋ ಹಡಗು ಹತ್ತಿಕೊಂಡು ಬಂದು, ವೀಸಾ ಗೊಡವೆಯಿಲ್ಲದೆ ನೆಲೆಸಿದವು. ನಮ್ಮ ಬಾಲ್ಕನಿಯಲ್ಲಿ ಎಡೆ ಇಟ್ಟರೆ ಅನ್ನ ಆರುವ ಮೊದಲೇ ಬಂದು, ವಡೆ ಎತ್ತಿಕೊಂಡು, ಇನ್ನೊಂದು ವಡೆಗಾಗಿ ಮುಖ ನೋಡುತ್ತವೆ. ಪ್ರವಾಸದ ಪುಸ್ತಕಗಳಲ್ಲಿ ಹೆಸರು ಬರಬೇಕಾದರೆ ಪ್ರಾಣಿಯು ಯಾರ ಕೆಲಸಕ್ಕೂ ಬಾರದಂತಿರಬೇಕು ಎಂಬ ಸೂತ್ರ ನನಗೆ ಆಗ ಹೊಳೆಯಿತು.

ಅಮ್ಮನಿಗೆ ಸಕ್ಕರೆ ಕಾಯಿಲೆ. ಹೊತ್ತಿಗೆ ಸರಿಯಾಗಿ ತಿನ್ನದಿದ್ದರೆ ಕೈ ನಡುಗುತ್ತದೆ. ಆದರೆ ತಿಥಿಯ ದಿನ ಕಾಗೆ ಮುಟ್ಟುವ ತನಕ ಒಂದು ಲೋಟ ಕಾಫಿಯ ಹೊರತು ಬಾಯಿಗೆ ಏನೂ ಹಾಕುವವಳಲ್ಲ. ಮಾಲತಿ ನನ್ನನ್ನು ಪಕ್ಕಕ್ಕೆ ಕರೆದು, ‘ನೋಡಿ, ಆಮೆ ಸಿಗದಿದ್ರೂ ಪರವಾಗಿಲ್ಲ. ಕಾಗೆ ಸಿಗದಿದ್ರೆ ಅತ್ತೆ ಉಪವಾಸ’ ಎಂದಳು. ನಮ್ಮ ಪ್ರವಾಸದ ಉದ್ದೇಶ ಅಂದಿನಿಂದಲೇ ಬದಲಾಯಿತು.

ನಾವು ಬಾಡಿಗೆಗೆ ಹಿಡಿದಿದ್ದ ಮನೆಯ ಒಡತಿಗೆ ಒಂದು ಸಂದೇಶ ಕಳಿಸಿದೆ. ‘ನಿಮ್ಮ ಮನೆಯ ಬಳಿ ಕಾಗೆಗಳಿವೆಯೇ? ದಯವಿಟ್ಟು ಖಚಿತವಾಗಿ ತಿಳಿಸಿ. ನಮ್ಮ ತಾಯಿಗೆ ಇದು ಬಹಳ ಮುಖ್ಯ.’ ಪಾಪ, ಆಕೆ ತಕ್ಷಣವೇ ಉತ್ತರಿಸಿದಳು. ನಿಮ್ಮ ಆತಂಕ ಅರ್ಥವಾಗುತ್ತದೆ, ಅಲ್ಲೊಂದು ಇಲ್ಲೊಂದು ಇವೆ, ಕ್ಷಮಿಸಿ, ನಿಮ್ಮ ತಾಯಿಯವರಿಗೆ ಒಂದು ಕಾಗೆಯ ಮುಖವೂ ಕಾಣದಂತೆ ನಾನು ನೋಡಿಕೊಳ್ಳುತ್ತೇನೆ ಎಂದು. ಇಲ್ಲ, ನಮಗೆ ಬೇಕಾಗಿರುವುದೇ ಕಾಗೆ ಎಂದು ಮತ್ತೆ ಬರೆಯಲು ಕೂತೆ. ಯಾಕೆ ಬೇಕು ಎಂದು ಬರೆಯತೊಡಗಿದರೆ ಅದು ಪುನರ್ಜನ್ಮ, ಪಿತೃಲೋಕಗಳಿಗೆಲ್ಲ ಹೋಗಿ, ಓದಿದವಳು ಮನೆಯ ಬೀಗದ ಕೈ ಕೊಡುವುದೇ ಅನುಮಾನವೆನ್ನಿಸಿತು. ಅಳಿಸಿಬಿಟ್ಟೆ.

ಆಕೆ ಮಾತಿಗೆ ತಪ್ಪುವವಳಲ್ಲ. ನಾವು ಹೋಗಿ ಇಳಿದಾಗ ಬಾಲ್ಕನಿಯ ಕಂಬಿಗಳ ತುಂಬ ಬೆಳ್ಳಿ ಬಣ್ಣದ ರಿಬ್ಬನ್ನುಗಳು ಫಳಫಳ ಹೊಳೆಯುತ್ತಿದ್ದವು. ನಡುವೆ ಪ್ಲಾಸ್ಟಿಕ್ಕಿನ ಒಂದು ದಪ್ಪ ಗೂಬೆ ಕುಳಿತಿತ್ತು. ಗಾಳಿ ಬೀಸಿದರೆ ಅದರ ತಲೆ ಸುತ್ತಲೂ ತಿರುಗುತ್ತಿತ್ತು. ಆಕೆ ಹೆಮ್ಮೆಯಿಂದ ಅಮ್ಮನ ಕೈ ಹಿಡಿದು ಅದನ್ನು ತೋರಿಸಿದಳು. ಅಮ್ಮ ಗೂಬೆಯನ್ನು ನೋಡಿದಳು, ನನ್ನನ್ನು ನೋಡಿದಳು. ‘ನಮಗೋಸ್ಕರ ಇಟ್ಟಿದಾರಾ?’ ಎಂದಳು. ಹೌದೆಂದೆ. ‘ಒಳ್ಳೆ ಜನ’ ಎಂದು ಒಳಗೆ ಹೋದಳು.

ಮೊದಲ ದಿನಗಳು ಇಂಟರ್ನೆಟ್ಟಿನ ಸೂಚನೆಯ ಪ್ರಕಾರವೇ ನಡೆದವು. ಉಪ್ಪಿನ ಕೆರೆಗೆ ಹೋದೆವು. ಉಪ್ಪಿತ್ತು, ಕೆರೆಯೂ ಇತ್ತು. ಫ್ಲೆಮಿಂಗೊಗಳು ಮಾತ್ರ ಬೇಸಿಗೆ ಬರುತ್ತಿದೆಯೆಂದು ಆಗಲೇ ಹೊರಟುಹೋಗಿದ್ದವು. ಎಲ್ಲಿಗೆ ಎಂದು ದಡದಲ್ಲಿದ್ದ ಐಸ್‌ಕ್ರೀಮಿನವನನ್ನು ಕೇಳಿದರೆ ಆಕಾಶದ ಕಡೆ ಕೈ ತೋರಿಸಿದ. ನನಗೇನೋ ಅವು ರಾಸ್ ಅಲ್ ಖೋರಿನಲ್ಲಿ ನನ್ನ ಮೆಕ್ಯಾನಿಕ್ಕಿನ ಪಕ್ಕ ನಿಂತಿರಬೇಕೆಂದೇ ಗುಮಾನಿ. ಆಮೆಯ ತೀರಕ್ಕೆ ಹೋದೆವು. ಆಮೆಗಳು ಬರುವುದು ಬೇಸಿಗೆಯಲ್ಲಿ ಎಂದು ಅಲ್ಲೊಂದು ಚಂದದ ಫಲಕವಿತ್ತು; ಧಾತ್ರಿ ಫಲಕದ ಜೊತೆಗೇ ಫೋಟೋ ತೆಗೆಸಿಕೊಂಡಳು. ಹೋಗಬೇಕಾದವು ಹೋಗಿ, ಬರಬೇಕಾದವು ಬರುವ ಮೊದಲು, ಸರಿಯಾಗಿ ನಡುವಿನ ತೂತಿನಲ್ಲಿ ನಾವು ಇಳಿದಿದ್ದೆವು. ಸಿಕ್ಕಿದ್ದು ಬೆಕ್ಕುಗಳು. ಬಾಗಿಲಲ್ಲಿ, ಕಾರಿನ ಮೇಲೆ, ಕುರ್ಚಿಯ ಕೆಳಗೆ. ಮತ್ತು ಒಂಟೆ. ಒಂಟೆಯ ಬಳಿ ನಿಂತ ಸ್ಥಳೀಯನೊಬ್ಬ ನೀವು ಒಂಟೆಯನ್ನು ಮೊದಲು ಎಲ್ಲಾದರೂ ನೋಡಿದ್ದೀರಾ ಎಂದು ಕೇಳಿದ. ದುಬೈಯ ಹೆಸರು ಹೇಳಲು ನಾಚಿಕೆಯಾಗಿ, ಚಿತ್ರಗಳಲ್ಲಿ ಎಂದೆ.

ನಾನಾದರೋ ಈ ಯಾವುದನ್ನೂ ಸರಿಯಾಗಿ ನೋಡಲಿಲ್ಲ. ಎಲ್ಲರೂ ಸಮುದ್ರ ನೋಡುತ್ತಿದ್ದರೆ ನಾನು ವಿದ್ಯುತ್ ತಂತಿಗಳನ್ನು ನೋಡುತ್ತಿದ್ದೆ. ಕಾಗೆಗಳಿದ್ದವು, ನಿಜ. ಆದರೆ ದೂರದಲ್ಲಿ, ಹೊಲಗಳ ಆಚೆ, ಮನುಷ್ಯರ ಸುದ್ದಿಯೇ ಬೇಡವೆಂಬಂತೆ. ಅಲ್ಲಿನ ರೈತರು ಅವುಗಳಿಗೆ ಕೋವಿ ತೋರಿಸುತ್ತಾರಂತೆ. ಅನ್ನ ಇಟ್ಟು, ಕೈ ಮುಗಿದು, ಬಾ ಎಂದು ಕಾಯುವ ಜನವೂ ಲೋಕದಲ್ಲಿದ್ದಾರೆಂದು ಅವುಗಳಿಗೆ ಹೇಳುವವರು ಯಾರು?

ತಿಥಿಯ ದಿನ ಬಂತು. ಅಮ್ಮ, ಮಾಲತಿ ಸೇರಿ ಆ ಪುಟ್ಟ ಅಡುಗೆಮನೆಯಲ್ಲಿ ಅನ್ನ, ತೊವ್ವೆ, ವಡೆ, ಪಾಯಸ ಎಲ್ಲವನ್ನೂ ಮಾಡಿದರು. ಬಾಳೆಲೆಯನ್ನು ಮಾಲತಿ ದುಬೈಯಿಂದಲೇ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದಳು. ರಿಬ್ಬನ್ನು ಬಿಚ್ಚಿ, ಗೂಬೆಯನ್ನು ಬಚ್ಚಲಿಗೆ ಸಾಗಿಸಿ, ಬಾಲ್ಕನಿಯ ಗೋಡೆಯ ಮೇಲೆ ಎಡೆ ಇಟ್ಟೆ. ತಿರುಗಿ ಬಾಗಿಲು ದಾಟುವಷ್ಟರಲ್ಲಿ ಎರಡು ಬೆಕ್ಕು ಬಂದು ಪಾಯಸ ಮುಗಿಸಿದವು. ಇನ್ನೊಂದು ಎಡೆ ಇಟ್ಟು ಧಾತ್ರಿಯನ್ನು ಕಾವಲಿಗೆ ನಿಲ್ಲಿಸಿದೆ. ಅವಳು ಬೆಕ್ಕನ್ನು ಓಡಿಸುವ ಬದಲು ಅದಕ್ಕೊಂದು ಹೆಸರಿಟ್ಟಳು. ಹೊತ್ತೇರುತ್ತಿತ್ತು. ಅಮ್ಮ ಕುರ್ಚಿಯಲ್ಲಿ ಕೂತು ಸುಮ್ಮನೆ ಆಕಾಶ ನೋಡುತ್ತಿದ್ದಳು. ಕೊನೆಗೆ ಮಾಲತಿಯೇ ಉಪಾಯ ಹೇಳಿದಳು: ಕತ್ತೆಗಳ ಧಾಮಕ್ಕೆ ಹೇಗೂ ಹೋಗಬೇಕು, ಮೇವು ಚೆಲ್ಲಿದ ಕಡೆ ಕಾಗೆ ಬರದೆ ಇರುತ್ತದೆಯೇ? ಅಡುಗೆಯನ್ನೆಲ್ಲ ಡಬ್ಬಿಗಳಿಗೆ ತುಂಬಿಕೊಂಡು ಹೊರಟೆವು.

ಅವಳ ಊಹೆ ಸರಿಯಾಗಿತ್ತು. ಬೆಟ್ಟದ ಬುಡದ ಆ ಧಾಮದ ಹೊರಗೆ, ಕಾರು ನಿಲ್ಲಿಸುವ ಜಾಗದ ಪಕ್ಕದಲ್ಲಿ, ಬೇಲಿಯ ಕಂಬದ ಮೇಲೆ ಒಂದು ಕಾಗೆ ಕೂತಿತ್ತು. ತಲೆ ಕಪ್ಪು, ರೆಕ್ಕೆ ಕಪ್ಪು, ಮೈಯೆಲ್ಲ ಬೂದು. ‘ಇದೇನೋ, ಸ್ವೆಟರ್ ಹಾಕ್ಕೊಂಡಿದೆ’ ಎಂದಳು ಅಮ್ಮ ಅನುಮಾನದಿಂದ. ಚಳಿ ದೇಶದ ಕಾಗೆ ಹೀಗೇ ಇರುತ್ತದೆಂದು ನಾನು ಪ್ರಾಣಿಶಾಸ್ತ್ರಜ್ಞನ ಗತ್ತಿನಲ್ಲಿ ವಿವರಿಸುತ್ತಿರುವಾಗಲೇ ಅದು ‘ಕಾ’ ಎಂದಿತು. ಭಾಷೆ ಒಂದೇ ಎಂದು ಅಮ್ಮನಿಗೆ ಸಮಾಧಾನವಾಯಿತು.

ಕಲ್ಲಿನ ಮೋಟುಗೋಡೆಯ ಮೇಲೆ ಎಲೆ ಹಾಸಿ ಬಡಿಸಿದೆವು. ನಾಲ್ವರೂ ಸಾಲಾಗಿ ನಿಂತು ಕೈ ಮುಗಿದೆವು. ಬೇಲಿಯ ಆಚೆ ಹತ್ತಾರು ಮುದಿ ಕತ್ತೆಗಳೂ ಸಾಲಾಗಿ ನಿಂತು ನಮ್ಮನ್ನು ನೋಡತೊಡಗಿದವು. ವಾಲ್ಟರ್ ಹೇಳಿದ್ದು ಸುಳ್ಳಲ್ಲ. ಕಾಗೆ ಮಾತ್ರ ಅಲ್ಲಾಡಲಿಲ್ಲ. ಎಲೆಯ ಕಡೆ ಒಮ್ಮೆ, ನಮ್ಮ ಕಡೆ ಒಮ್ಮೆ ನೋಡಿ ಕೊಕ್ಕನ್ನು ಕಂಬಕ್ಕೆ ಉಜ್ಜಿಕೊಂಡಿತು.

ಇಂಥ ಸಂದರ್ಭಕ್ಕೆ ನಮ್ಮಲ್ಲೊಂದು ಕ್ರಮವಿದೆ. ಕಾಗೆ ಮುಟ್ಟಲಿಲ್ಲವೆಂದರೆ ಹೋದವರಿಗೆ ಏನೋ ಆಸೆ ಉಳಿದಿದೆಯೆಂದು ಅರ್ಥ. ಅದೇನೆಂದು ಊಹಿಸಿ, ಅದನ್ನು ನಡೆಸಿಕೊಡುತ್ತೇವೆಂದು ಮಾತು ಕೊಡಬೇಕು. ಮಾಲತಿ ನನ್ನನ್ನು ಮೊಣಕೈಯಿಂದ ತಿವಿದಳು. ನಾನು ಗಂಟಲು ಸರಿಮಾಡಿಕೊಂಡು, ಇನ್ನುಮುಂದೆ ದಿನಾ ಬೆಳಿಗ್ಗೆ ಮನೆ ಹತ್ತಿರದ ಅಲ್ ನಹ್ದಾದ ಪಾರ್ಕಿನಲ್ಲಿ ವಾಕಿಂಗ್ ಹೋಗುತ್ತೇನೆಂದು ಕಾಗೆಗೆ ಹೇಳಿದೆ. ಅದು ಅತ್ತ ತಿರುಗಿತು. ಅಪ್ಪನಿಗೆ ನಾನು ಟೈಪಿಂಗ್ ಸೀನಿಯರ್ ಪರೀಕ್ಷೆ ಪಾಸು ಮಾಡಬೇಕೆಂಬ ಆಸೆ ಬಹಳವಿತ್ತು. ಅದನ್ನೂ ಮಾಡುತ್ತೇನೆ ಎಂದೆ. ಐವತ್ತು ದಾಟಿದವನು, ಕೈ ಮುಗಿದುಕೊಂಡು, ವಿದೇಶದ ಬೇಲಿಯ ಮುಂದೆ. ಒಂದು ಕತ್ತೆ ಮಾತ್ರ ಕಿವಿ ನಿಮಿರಿಸಿತು. ಮಾಲತಿ ಮುಂದೆ ಬಂದು, ಕಾಫಿ ಮೆಷಿನ್ನನ್ನು ಮನೆಯಿಂದ ಹೊರಗೆ ಹಾಕಿ ಫಿಲ್ಟರಿನಲ್ಲೇ ಡಿಕಾಕ್ಷನ್ ಹಾಕುತ್ತೇನೆ ಮಾವ ಎಂದಳು. ಧಾತ್ರಿಗೆ ಅಳುವೇ ಬಂದಿತ್ತು. ‘ತಾತ, ಐ ವಿಲ್ ಲರ್ನ್ ಟು ರೈಟ್ ಕನ್ನಡ. ಒತ್ತಕ್ಷರ ಆಲ್ಸೋ. ಪ್ಲೀಸ್ ಈಟ್’ ಎಂದಳು. ಕಾಗೆ ಇನ್ನೊಂದು ಕಂಬಕ್ಕೆ, ತುಸು ದೂರದ್ದಕ್ಕೆ, ಹಾರಿ ಕೂತಿತು.

ಅಷ್ಟರಲ್ಲಿ ನಾನು ಅಮ್ಮನ ಕೈ ನೋಡಿದೆ. ಸೆರಗಿನ ತುದಿ ಹಿಡಿದಿದ್ದ ಬೆರಳುಗಳು ನಡುಗುತ್ತಿದ್ದವು. ಬಿಸ್ಕತ್ತಿನ ಪೊಟ್ಟಣ ಬಿಚ್ಚಿ ಮುಂದೆ ಹಿಡಿದೆ. ತಳ್ಳಿದಳು. ‘ತಿಥಿ ದಿನ ಅವರಿಗಿಂತ ಮುಂಚೆ ಯಾವತ್ತೂ ಉಂಡವಳಲ್ಲ ಕಣೋ’ ಎಂದಳು. ಆಗ ಅಮ್ಮನೇ, ‘ನೀವೆಲ್ಲ ಹೋಗಿ ಕಾರಲ್ಲಿ ಕೂತ್ಕೊಳ್ಳಿ’ ಎಂದಳು. ಮಾಲತಿ ಏನೋ ಹೇಳಹೋದಳು. ‘ಹೋಗಮ್ಮ’ ಎಂದಳು ಅಮ್ಮ.

ಕಾರಿನ ಗಾಜಿನ ಹಿಂದೆ ಕೂತೆವು. ಅಮ್ಮ ಎಲೆಯ ಮೇಲೆ ಓರೆಯಾಗಿದ್ದ ವಡೆಯನ್ನು ನೆಟ್ಟಗೆ ಮಾಡಿದಳು. ಅನ್ನದ ಮೇಲೆ ಇನ್ನಷ್ಟು ತುಪ್ಪ ಹಾಕಿದಳು. ಕಂಬದ ಕಡೆ ಮುಖವೆತ್ತಿ ಏನೋ ಅಂದಳು. ಒಂದೇ ಮಾತು, ತುಟಿ ಆಡಿದ್ದಷ್ಟೇ ನಮಗೆ ಕಂಡಿತು. ಆಮೇಲೆ ಊಟಕ್ಕೆ ಕೂತವರ ಎದುರಿಂದ ಅಡುಗೆಮನೆಗೆ ಹೋಗುವವಳ ಹಾಗೆ, ತಿರುಗಿಯೂ ನೋಡದೆ ಕಾರಿನ ಕಡೆ ನಡೆದು ಬಂದಳು. ಅವಳು ಬಾಗಿಲು ತೆರೆಯುವ ಹೊತ್ತಿಗೆ ಕಾಗೆ ಗೋಡೆಯ ಮೇಲಿತ್ತು. ವಡೆಗೇ ಮೊದಲು ಬಾಯಿ ಹಾಕಿತು.

ಮಾಲತಿ ಕಣ್ಣೊರೆಸಿಕೊಂಡು ಎಲ್ಲರ ತಟ್ಟೆಗೂ ಬಡಿಸಿದಳು. ಕಾರಿನೊಳಗೇ ಊಟವಾಯಿತು. ಅಮ್ಮ ಎರಡು ತುತ್ತು ಉಂಡು, ಮಾತ್ರೆ ನುಂಗಿ, ಬೆರಳುಗಳ ನಡುಕ ನಿಂತ ಮೇಲೆ ನಾನು ತಡೆಯಲಾರದೆ ಕೇಳಿದೆ, ಅಪ್ಪನಿಗೆ ಏನೆಂದು ಮಾತು ಕೊಟ್ಟೆ ಎಂದು.

‘ನಾನ್ಯಾಕೆ ಮಾತು ಕೊಡಲಿ?’ ಎಂದಳು ಅಮ್ಮ. ‘ಬಡಿಸಿದೀನಿ, ಬನ್ನಿ ಅಂದೆ. ನೀವು ವಾಕಿಂಗು, ಕಾಫಿ, ಒತ್ತಕ್ಷರ ಅಂತ ಏನೇನೋ ಹೇಳಿದ್ರಿ. ಊಟಕ್ಕೆ ಕರೆದವರು ಯಾರು?’

ಪಕ್ಷಿಗಳನ್ನು ಬಲ್ಲವರು ಇದಕ್ಕೆ ಬೇರೆಯೇ ಕಾರಣ ಹೇಳಬಹುದು. ಕೋವಿಗೆ ಹೆದರಿದ ಹಕ್ಕಿ ನಾಲ್ವರು ನಿಂತಾಗ ಬರಲಿಲ್ಲ, ಯಾರೂ ಇಲ್ಲದಾಗ ಬಂತು ಎನ್ನಬಹುದು. ನಾನು ವಾದಕ್ಕೆ ಹೋಗುವುದಿಲ್ಲ. ತುಂಬಿದ ಎಲೆಯ ಮುಂದೆ ನಾಲ್ಕು ಜನ ಸಾಲಾಗಿ ನಿಂತು ಮುಖವನ್ನೇ ನೋಡುತ್ತಿದ್ದರೆ ಅಪ್ಪನೂ ಊಟಕ್ಕೆ ಏಳುತ್ತಿರಲಿಲ್ಲ.

ತೊಂದರೆಯಾಗಿರುವುದು ನಮ್ಮ ಮೂವರಿಗೆ. ಬೇಕಿಲ್ಲದೆ ಕೊಟ್ಟ ಮಾತಾದರೂ ಕೊಟ್ಟ ಮಾತೇ ತಾನೆ? ನಾನು ಬೆಳಿಗ್ಗೆ ಎದ್ದು ಪಾರ್ಕಿನಲ್ಲಿ ಅಪರಾಧಿಯಂತೆ ಸುತ್ತು ಹಾಕುತ್ತೇನೆ. ಟೈಪಿಂಗ್ ಹೇಳಿಕೊಡುವವರು ಈ ದುಬೈಯಲ್ಲಿ ಎಲ್ಲಾದರೂ ಇದ್ದಾರೆಯೇ ಎಂದು ವಿಚಾರಿಸಿದರೆ ಜನ ವೀಸಾ ಅರ್ಜಿ ತುಂಬಿಕೊಡುವ ಅಂಗಡಿಗೆ ದಾರಿ ತೋರಿಸುತ್ತಾರೆ. ಮಾಲತಿ ಫಿಲ್ಟರಿನ ತಲೆಗೆ ಬಡಿಯುತ್ತ ಡಿಕಾಕ್ಷನ್ ಇಳಿಯುವುದನ್ನು ಕಾಯುತ್ತಾಳೆ. ಧಾತ್ರಿ ಊಟದ ಮೇಜಿನ ಮೇಲೆ ಒತ್ತಕ್ಷರಗಳನ್ನು ಬರೆದು ಅಳಿಸಿ, ಅಳಿಸಿ ಬರೆಯುತ್ತಾಳೆ. ಅಮ್ಮ ಒಬ್ಬಳೇ ನಿಶ್ಚಿಂತೆ. ಅಡುಗೆಯಾದ ಮೇಲೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು ನಿಂತು, ‘ಬಡಿಸಿದೀನಿ, ಬನ್ನಿ’ ಎನ್ನುತ್ತಾಳೆ. ಮೂವರೂ ಹಾರಿ ಬರುತ್ತೇವೆ.